ಮುಳುಗದ ತೊಟ್ಟಿಲು

"ಸೊಟ್ಟಗಿದ್ದಾಗ ನಗಿಸುತ್ತದೆ, ನೆಟ್ಟಗೆ ಮಾಡಿದರೆ ಹೆದರಿಸುತ್ತದೆ. ಏನದು? ಹೇಳಿ ನೋಡೋಣ ಅಜ್ಜಯ್ಯ."

ಕೇಳಿದವನು ತಿಪ್ಪೇಶ. ಮಠದ ಹಿತ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವುದು ಆವತ್ತು ಅವನ ಪಾಲಿಗೆ ಬಂದ ಕೆಲಸ. ಕೆಲಸದಿಂದ ತಪ್ಪಿಸಿಕೊಳ್ಳಲು ಅವನು ವೇದಾಂತ ಕೇಳುತ್ತಿದ್ದ. ವೇದಾಂತ ಹೊಳೆಯದ ದಿನ ಒಗಟು ಹಾಕುತ್ತಿದ್ದ. ಮಠಕ್ಕೆ ಸೇರಿದಾಗಿನಿಂದ ಅವನು ಕಲಿತದ್ದಕ್ಕಿಂತ ಕೇಳಿದ್ದೇ ಹೆಚ್ಚು.

"ನಾಯಿಬಾಲ," ಎಂದರು ಅಜ್ಜಯ್ಯ.

"ನಾಯಿಬಾಲ ನೆಟ್ಟಗಾಗೋದೇ ಇಲ್ವಲ್ಲ, ಇನ್ನು ಹೆದರಿಸೋದು ಯಾವಾಗ?"

"ಹಾಗಾದರೆ ನೀನೇ ಹೇಳಪ್ಪ."

"ನಂಗೂ ಗೊತ್ತಿಲ್ಲ. ಒಗಟು ಹೊಳೀತು, ಉತ್ತರ ಹೊಳೀಲಿಲ್ಲ. ಉತ್ತರ ಹೇಳೋದು ಗುರುಗಳ ಕೆಲಸ ಅಲ್ವಾ?"

ಬೇರೆ ದಿನವಾಗಿದ್ದರೆ ಅಜ್ಜಯ್ಯ ಹುಣಸೆಬೀಜದಲ್ಲೇ ಹೊಡೆಯುತ್ತಿದ್ದರು. ಆವತ್ತು ಹೊಡೆಯಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಮೊರದೊಳಗಿಟ್ಟರು.

"ಉತ್ತರ ನನಗೂ ಗೊತ್ತಿಲ್ಲ ಕಣೋ. ಆದರೆ ಈ ಒಗಟು ಸಂಸಾರ ಹೂಡಿದ್ದ ಒಂದು ಮನೆ ಗೊತ್ತು. ಬೀಜ ಬಿಡಿಸುತ್ತಾ ಕೇಳು. ಕೈ ನಿಂತರೆ ಕತೆಯೂ ನಿಲ್ಲುತ್ತೆ."

ಒಂದು ಊರು. ಆ ಊರಿನಲ್ಲಿ ಒಬ್ಬ ಎಣ್ಣೆ ವರ್ತಕ. ವರ್ತಕನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ದಿನವೇ ಅವನ ಹೆಂಡತಿ ತೀರಿಹೋಗಿದ್ದಳು. ಇನ್ನೊಂದು ಮದುವೆ ಮಾಡಿಕೋ ಎಂದು ಬಂದವರಿಗೆಲ್ಲ ವರ್ತಕ, "ಮನೆ ತುಂಬಾ ಜನ ಇದ್ದಾರಲ್ಲ, ಇನ್ನೊಬ್ಬರಿಗೆ ಜಾಗ ಎಲ್ಲಿ?" ಎನ್ನುತ್ತಿದ್ದ. ಬಂದವರು ಸುತ್ತ ನೋಡುತ್ತಿದ್ದರು. ಒಬ್ಬರೂ ಕಾಣುತ್ತಿರಲಿಲ್ಲ. ಅವನು ನಡುಮನೆಯಲ್ಲಿದ್ದ ಗೊಂಬೆಮನೆಯ ಕಡೆಗೆ ಕೈ ತೋರಿಸುತ್ತಿದ್ದ.

ಅದು ಮರದ ಗೊಂಬೆಮನೆ. ಎರಡು ಅಂತಸ್ತು. ಮುಂದಿನ ಗೋಡೆಯಿಲ್ಲ. ಒಳಗೆ ಬೆರಳುದ್ದದ ಒನಕೆ, ಅಡಿಕೆಗಾತ್ರದ ಒರಳು, ಅಂಗೈಯಗಲದ ಮಂಚ, ಏಣಿ, ಚಪ್ಪಲಿ, ತೊಟ್ಟಿಲು. ಸಂಸಾರಕ್ಕೆ ಬೇಕಾದ ಸಾಮಾನೆಲ್ಲ ಇತ್ತು, ಆದರೆ ಒಂದು ಗೊಂಬೆಯೂ ಇರಲಿಲ್ಲ. ಇನ್ನೂ ಒಂದು ಸಂಗತಿ. ಆ ಸಾಮಾನುಗಳಲ್ಲಿ ನೆಟ್ಟಗಿದ್ದದ್ದು ಒಂದೂ ಇರಲಿಲ್ಲ.

ಮಂಚಕ್ಕೆ ಒಂದು ಕಾಲು ಗಿಡ್ಡ. ಒನಕೆ ನಡುವಿನಲ್ಲಿ ಬಾಗಿತ್ತು. ಒರಳಿನ ಗುಳಿ ಒಂದು ಮಗ್ಗುಲಿಗೆ ಸರಿದಿತ್ತು. ಏಣಿಯ ಕೊನೆಯ ಮೆಟ್ಟಿಲು ಇಲ್ಲ. ಚಪ್ಪಲಿ ಎರಡೂ ಎಡಗಾಲಿನವು. ತೊಟ್ಟಿಲು ಒಂದೇ ಕಡೆಗೆ ತೂಗುತ್ತಿತ್ತು, ವಾಪಸು ಬರಬೇಕಾದರೆ ಬೆರಳಿನಿಂದ ತಳ್ಳಬೇಕು.

ಮರದ ಆಟಿಕೆ ಮಾಡುವವರ ಕೇರಿ ಆ ಊರಿನಲ್ಲೇ ಇತ್ತು. ಕೈತಪ್ಪಿ ಕೆಟ್ಟ ಸಾಮಾನನ್ನು ಅವರು ಒಂದು ಪುಟ್ಟಿಯಲ್ಲಿ ಬೇರೆ ಇಡುತ್ತಿದ್ದರು. ಸಂಜೆ ಅದು ಒಲೆಗೆ. ವರ್ತಕ ಅಂಗಡಿಯ ಮುಂದೆ ಜೋಡಿಸಿದ ಚೆಂದದ ಸಾಮಾನಿನ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ನೇರ ಪುಟ್ಟಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಒಂದೊಂದನ್ನೇ ಎತ್ತಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸವರುತ್ತಿದ್ದ. ಬೆರಳು ಎಲ್ಲಾದರೂ ತಡೆದರೆ ಮುಖ ಅರಳುತ್ತಿತ್ತು.

"ಇಲ್ಲಿ ಕೂತಿದ್ದಾನೆ ನೋಡು," ಎನ್ನುತ್ತಿದ್ದ. "ನೆಟ್ಟಗಿರೋದರಲ್ಲಿ ಬರೀ ಉಳಿ ಇರುತ್ತೆ. ಸೊಟ್ಟಗಿರೋದರಲ್ಲಿ ಮನುಷ್ಯ ಇರ್ತಾನೆ."

ಒಮ್ಮೆ ಒಬ್ಬ ಆಟಿಕೆಯವನು ಇವನ ಹುಚ್ಚನ್ನು ನೋಡಿ, ಬೇಕೆಂದೇ ಒಂದು ಕುರ್ಚಿಯನ್ನು ಸೊಟ್ಟ ಮಾಡಿ ಪುಟ್ಟಿಯಲ್ಲಿಟ್ಟ. ವರ್ತಕ ಅದನ್ನು ಸವರಿ ಕೆಳಗಿಟ್ಟ.

"ಯಾಕೆ ಸಾವ್ಕಾರ್ರೇ, ಸೊಟ್ಟಗಿಲ್ವಾ?"

"ಸೊಟ್ಟಗಿದೆ. ಆದ್ರೆ ಇಲ್ಲಿ ನಿನ್ನ ಕೈ ಜಾರಿಲ್ಲ. ಕೈ ವೇಷ ಹಾಕಿದೆ."

ಆಟಿಕೆಯವನು ನಾಲಿಗೆ ಕಚ್ಚಿಕೊಂಡ. ಆ ಕುರ್ಚಿ ಸಂಜೆ ಒಲೆಗೇ ಹೋಯಿತು.

ಮಗಳು ಬೆಳೆದದ್ದು ಆ ಗೊಂಬೆಮನೆಯ ಮುಂದೆ. ತಾಯಿಯಿಲ್ಲದ ಮಗುವಿಗೆ ಊಟ ಸೇರುತ್ತಿರಲಿಲ್ಲ. ತುತ್ತಿಗೊಂದು ಕತೆ ಬೇಕು. ವರ್ತಕ ಒಂದೊಂದು ಐಬಿಗೂ ಒಂದೊಂದು ಕಾರಣ ಹೇಳುತ್ತಿದ್ದ. ಒನಕೆ ಯಾಕೆ ಬಾಗಿದೆ? ಅತ್ತೆಯ ಮೇಲಿನ ಸಿಟ್ಟನ್ನು ಸೊಸೆ ಭತ್ತದ ಮೇಲೆ ತೀರಿಸಿಕೊಂಡಳು. ಚಪ್ಪಲಿ ಎರಡೂ ಎಡಗಾಲಿನವು ಯಾಕೆ? ಯಜಮಾನ ಬಲಗಾಲಿನದ್ದನ್ನು ಹಾಕಿಕೊಂಡು ಸಾಲ ಕೇಳಲು ಹೋಗಿದ್ದಾನೆ, ಬೇಗ ಬರುವುದಿಲ್ಲ. ಮಗಳು ನಗುತ್ತಿದ್ದಳು. ಬಾಯಿ ತೆರೆದಾಗ ತುತ್ತು ಒಳಗೆ ಹೋಗುತ್ತಿತ್ತು. ಆ ಮನೆಯಲ್ಲಿ ನಿಜವಾಗಿ ಜನ ಇದ್ದಾರೆ, ತಾನು ನೋಡುವ ಹೊತ್ತಿಗೆ ಹಿತ್ತಿಲಿಗೆ ಹೋಗಿರುತ್ತಾರೆ ಎಂದೇ ಅವಳು ಬಹಳ ಕಾಲ ನಂಬಿದ್ದಳು. ಯಾರೂ ಇಲ್ಲವೆಂದು ತಿಳಿದ ಮೇಲೂ, ಅದರ ಮುಂದೆ ಹಾದುಹೋಗುವಾಗ ಹೆಜ್ಜೆ ಮೆಲ್ಲಗಿಡುತ್ತಿದ್ದಳು.

ಮಗಳಿಗೆ ಮದುವೆಯಾಯಿತು. ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಗಂಡ ಅವಳನ್ನು ಕರೆತಂದು ಬಿಟ್ಟು ತನ್ನ ಊರಿಗೆ ಹಿಂದಿರುಗಿದ. ಆರೈಕೆಗೆಂದು ವರ್ತಕನ ಅಕ್ಕ ಗಂಟುಮೂಟೆ ಕಟ್ಟಿಕೊಂಡು ಬಂದಳು. ಬಂದವಳು ಕಾಲು ತೊಳೆಯುವ ಮೊದಲೇ ಗೊಂಬೆಮನೆಯನ್ನು ನೋಡಿದಳು.

"ಏನೋ ಇದು? ಬಸುರಿ ಇರೋ ಮನೇಲಿ ಭಿನ್ನವಾದ ಸಾಮಾನು ಇಟ್ಕೊಂಡಿದ್ದೀಯಲ್ಲೋ. ಬಸುರಿ ಕಣ್ಣಿಗೆ ಬಿದ್ದದ್ದು ಹೊಟ್ಟೆಗೆ ಇಳೀತದೆ."

"ಹಾಗಾದ್ರೆ ಅಕ್ಕ, ನೀನು ಅವಳೆದುರಿಗೆ ಸುಳೀಬೇಡ. ಮಗು ಹುಟ್ಟುತ್ತಲೇ ಎಲ್ಲರಿಗೂ ಬೈಯೋಕೆ ಶುರು ಮಾಡುತ್ತೆ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ತಕನೂ ನಕ್ಕ. ಅಕ್ಕ ನಗಲಿಲ್ಲ. "ಇವಳ ತಾಯಿ ಬಸುರಿಯಾಗಿದ್ದಾಗಲೂ ನೀನು ಹೀಗೇ ನಕ್ಕಿದ್ದೆ," ಎಂದು ಹೇಳಿ ಕಾಲು ತೊಳೆಯಲು ಹೋದಳು.

ವರ್ತಕನ ನಗು ಅಲ್ಲಿಗೆ ನಿಂತಿತು. ಮಗಳು ಅದನ್ನು ನೋಡಿದಳು.

ಮಾರನೆಯ ದಿನ ಗೊಂಬೆಮನೆಯ ಮೇಲೆ ಒಂದು ಬಟ್ಟೆ ಬಿದ್ದಿತ್ತು.

"ಯಾಕಪ್ಪ ಮುಚ್ಚಿದ್ದು?"

"ಧೂಳು ಕಣಮ್ಮ."

ಅಪ್ಪ ತನಗೆ ಸುಳ್ಳು ಹೇಳಿದ್ದನ್ನು ಅವಳು ಆವತ್ತೇ ಮೊದಲು ಕೇಳಿದ್ದು. ಸುಳ್ಳು ಸಣ್ಣದು, ಗೊಂಬೆಮನೆಯ ಸಾಮಾನಿನಷ್ಟೇ ಸಣ್ಣದು. 

ಬಟ್ಟೆ ಸಾಲದೆ ಹೋಯಿತು. ಗಾಳಿಗೆ ಅದು ಸರಿಯುತ್ತಿತ್ತು. ವರ್ತಕ ಗೊಂಬೆಮನೆಯನ್ನು ಗೋಡೆಯ ಕಡೆಗೆ ತಿರುಗಿಸಿದ. ಅದೂ ಸಾಲಲಿಲ್ಲ. ಬೆನ್ನು ತಿರುಗಿಸಿ ಕೂತವರು ಒಳಗೆ ಏನು ಮಾಡುತ್ತಿದ್ದಾರೋ ಎಂದು ಅವನಿಗೇ ಅನ್ನಿಸತೊಡಗಿತು. ಕೊನೆಗೆ ಒಬ್ಬ ಬಡಗಿಯನ್ನು ಕರೆಸಿದ.

"ಇವನ್ನೆಲ್ಲ ನೆಟ್ಟಗೆ ಮಾಡಿಕೊಡು."

ಬಡಗಿ ಮಂಚದಿಂದ ಶುರು ಮಾಡಿದ. ಗಿಡ್ಡ ಕಾಲಿಗೆ ಸಮ ಬರಲೆಂದು ಉಳಿದ ಮೂರನ್ನು ಉಜ್ಜಿದ. ಈಗ ಇನ್ನೊಂದು ಗಿಡ್ಡವಾಯಿತು. ಅದಕ್ಕೆ ಸಮ ಬರಲೆಂದು ಮತ್ತೆ ಉಜ್ಜಿದ. ಹೀಗೇ ಉಜ್ಜಿ ಉಜ್ಜಿ ಮಂಚ ನೆಲಕ್ಕೆ ಕೂತಿತು. "ಈಗ ಅಲುಗೋದಿಲ್ಲ ಸ್ವಾಮಿ," ಎಂದ ಬಡಗಿ. ನಿಜ, ಅಲುಗಲಿಲ್ಲ. ಹಲಗೆ ಯಾಕೆ ಅಲುಗುತ್ತದೆ? ಒನಕೆಯನ್ನು ಸೀಳಿ ಹೊಸದು ಮಾಡಿದ. ಏಣಿಗೆ ಮೆಟ್ಟಿಲು ಹಾಕಿದ. ಒಂದು ಎಡಗಾಲಿನ ಚಪ್ಪಲಿಯನ್ನು ಎಸೆದು ಬಲಗಾಲಿನದ್ದನ್ನು ಕೆತ್ತಿದ. ತೊಟ್ಟಿಲು ಎರಡೂ ಕಡೆಗೆ ತೂಗತೊಡಗಿತು.

ವರ್ತಕ ಗೊಂಬೆಮನೆಯನ್ನು ಈಚೆಗೆ ತಿರುಗಿಸಿ ಮಗಳನ್ನು ಕರೆದ.

"ಹೇಗಿದೆ?"

ಮಗಳು ನೋಡಿದಳು. ಎಲ್ಲ ನೆಟ್ಟಗಿತ್ತು. ಯಾರೋ ಬಿಟ್ಟುಹೋದ ಮನೆಯ ಹಾಗಿತ್ತು. ಜಗಳವಾಡುವ ಸೊಸೆ ಇಲ್ಲ. ಸಾಲಕ್ಕೆ ಹೋದ ಯಜಮಾನನಿಗೆ ಹಿಂದಿರುಗಲು ಕಾರಣವಿಲ್ಲ. ಜೀವ ಇದ್ದ ಕಡೆಯಲ್ಲೆಲ್ಲ ಉಜ್ಜಿದ ಗುರುತು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಚೆನ್ನಾಗಿದೆ ಅಪ್ಪ," ಎಂದಳು. ಈಗ ಅವಳೂ ಒಂದು ಸುಳ್ಳು ಹೇಳಿದ್ದಳು.

ದಿನ ಹತ್ತಿರ ಬಂತು. ಸೂಲಗಿತ್ತಿ ಬಂದು ಹೊಟ್ಟೆಗೆ ಎಣ್ಣೆ ಹಚ್ಚಿ ಮುಟ್ಟಿ ನೋಡಿದಳು. ಮೊದಲು ಮಾತಾಡುತ್ತಾ ಮುಟ್ಟಿದಳು. ಆಮೇಲೆ ಮಾತು ನಿಲ್ಲಿಸಿ ಮುಟ್ಟಿದಳು. ಸೂಲಗಿತ್ತಿಯ ಮಾತು ನಿಂತರೆ ಮನೆಯವರ ಉಸಿರು ನಿಲ್ಲುತ್ತದೆ.

"ಮಗು ಅಡ್ಡ ತಿರುಗಿದೆ," ಎಂದಳು. "ತಿರುಗಿಸೋಣ. ದೇವರಿದ್ದಾನೆ."

ಮಗಳನ್ನು ಹೆತ್ತ ದಿನ ಹೆಂಡತಿಗೂ ಇದೇ ಮಾತು ಹೇಳಿದ್ದರು. ವರ್ತಕ ಕಂಬ ಹಿಡಿದುಕೊಂಡ. ಅಕ್ಕ ಅವನ ಕಿವಿಯ ಹತ್ತಿರ ಬಂದಳು.

"ಉಜ್ಜಿದರೆ ಹೋಗುತ್ತೇನೋ? ಒಮ್ಮೆ ಭಿನ್ನವಾದದ್ದು ಭಿನ್ನವೇ. ಭಿನ್ನವಾದದ್ದಕ್ಕೆ ಒಂದೇ ದಾರಿ. ನೀರು."

ಶಾಸ್ತ್ರ ಇರುವುದು ಹಾಗೇ. ಒಡೆದ ಗೊಂಬೆಯನ್ನು ಮನೆಯಲ್ಲಿಡಬಾರದು, ನೀರಿಗೆ ಬಿಡಬೇಕು. ಆದರೆ ಆ ಶಾಸ್ತ್ರ ಮಾಡಿದವರು ಮಣ್ಣಿನ ಗೊಂಬೆಗೆ ಮಾಡಿದ್ದು. ಮಣ್ಣು ನೀರಿಗೆ ಬಿದ್ದರೆ ಕರಗುತ್ತದೆ, ಬಂದಲ್ಲಿಗೆ ಹೋಗುತ್ತದೆ. ಈ ಸಾಮಾನೆಲ್ಲ ಮರದ್ದು. ಮೇಲೆ ಅರಗಿನ ಬಣ್ಣ ಬೇರೆ. ಅಕ್ಕನಿಗೆ ಅದು ಹೊಳೆಯಲಿಲ್ಲ. ವರ್ತಕನಿಗೆ ಹೊಳೆಯಬೇಕಿತ್ತು. ಹೆದರಿದವನಿಗೆ ಮರವೂ ಒಂದೇ, ಮಣ್ಣೂ ಒಂದೇ.

ಮನೆಯ ಹಿಂದೆಯೇ ಕೆರೆ. ಮಟಮಟ ಮಧ್ಯಾಹ್ನ ವರ್ತಕ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಹೊರಟ. ಮಗಳು ಮಲಗಿದ್ದ ಕೋಣೆಗೆ ಕೆರೆಯ ಕಡೆಗೊಂದು ಕಿಟಕಿಯಿತ್ತು. ಅವಳು ಎದ್ದು ಕಂಬಿ ಹಿಡಿದು ನಿಂತಳು.

ಅಪ್ಪ ಮೊಣಕಾಲುದ್ದದ ನೀರಿಗಿಳಿದ. ಬುಟ್ಟಿಯನ್ನು ಬೋರಲು ಹಾಕಿದ. ಕೈಮುಗಿದ. ತಿರುಗಿ ದಡಕ್ಕೆ ಬಂದ. ಅವನ ಹಿಂದೆಯೇ ಎಲ್ಲವೂ ತೇಲಿಕೊಂಡು ದಡಕ್ಕೆ ಬಂದವು. ಮಂಚ, ಏಣಿ, ಚಪ್ಪಲಿ. ಅಮ್ಮನ ಹಿಂದೆ ಬರುವ ಬಾತುಮರಿಗಳ ಹಾಗೆ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

ಅಪ್ಪ ಮತ್ತೆ ನೀರಿಗಿಳಿದ. ಕೈಯಿಂದ ದೂರ ತಳ್ಳಿದ. ಮತ್ತೆ ಬಂದವು. ಆಗ ಅವನು ಬಗ್ಗಿ ಒಂದೊಂದನ್ನೇ ಹಿಡಿದು ನೀರಿನೊಳಗೆ ಅದುಮತೊಡಗಿದ. ಬಿಟ್ಟರೆ ಮೇಲೆ ಬರುತ್ತಿದ್ದವು. ದಡದಿಂದ ಕಲ್ಲು ತಂದು, ಪಂಚೆಯ ಅಂಚು ಹರಿದು, ಒಂದೊಂದಕ್ಕೂ ಕಲ್ಲು ಕಟ್ಟಿದ. ಒಂದೊಂದೇ ಮುಳುಗಿದವು. ತೊಟ್ಟಿಲು ಮುಳುಗಲಿಲ್ಲ. ಅದರ ಹೊಟ್ಟೆ ಟೊಳ್ಳಲ್ಲವೇ, ಗಾಳಿ ತುಂಬಿಕೊಂಡು ಮತ್ತೆ ಮತ್ತೆ ಮೇಲೆ ಬಂತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿನೊಳಗೆ ಒತ್ತಿದ. ಒತ್ತಿ ಹಿಡಿದುಕೊಂಡೇ ನಿಂತ. ಗುಳ್ಳೆಗಳು ಬಂದವು. ಗುಳ್ಳೆ ನಿಲ್ಲುವವರೆಗೂ ಅವನು ಕೈ ತೆಗೆಯಲಿಲ್ಲ.

ಮಗಳು ಕಿಟಕಿಯಿಂದ ಹಿಂದಕ್ಕೆ ಸರಿದಳು. ತುತ್ತು ಕೊಟ್ಟ ಕೈ ಅದು, ಹೆಬ್ಬೆರಳಿನಿಂದ ಐಬನ್ನು ಸವರಿ ನಗುತ್ತಿದ್ದ ಕೈ. ಅದಕ್ಕೆ ಇಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಕೋಣೆಯ ಬಾಗಿಲಿಗೆ ಬಂದ. ಮೊಣಕೈವರೆಗೂ ನೀರು. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗುವಿತ್ತು.

"ಮುಗೀತು ಕಂದ. ಇನ್ನು ಈ ಮನೇಲಿ ಸೊಟ್ಟ ಅನ್ನೋದೇ ಉಳಿದಿಲ್ಲ."

ಆ ಮಾತಿಗೆ ಅವಳ ಹೊಟ್ಟೆಯಲ್ಲಿ ನೋವು ಎದ್ದಿತು.

ಸೂಲಗಿತ್ತಿಯನ್ನು ಕರೆತಂದರು. ಬಾಗಿಲು ಮುಚ್ಚಿತು. ಅಕ್ಕನ ಧೈರ್ಯವೆಲ್ಲ ಬಾಯಲ್ಲಿ ಮಾತ್ರ. ಅವಳು ಒಳಗೆ ಬರಲಿಲ್ಲ, ಹೊರಗೇ ಕೂತು ಇದ್ದಬದ್ದ ದೇವರನ್ನೆಲ್ಲ ಕರೆದಳು. ಸೂಲಗಿತ್ತಿ ಎಣ್ಣೆಗೈಯಿಂದ ಮಗುವನ್ನು ತಿರುಗಿಸಿದಳು. ಬಹಳ ಹೊತ್ತು ಹಿಡಿಯಿತು. ಮಗು ಹುಟ್ಟಿತು. ಅತ್ತಿತು. ತಾಯಿಯೂ ಉಳಿದಳು.

"ಹೆಣ್ಣು," ಎಂದಳು ಸೂಲಗಿತ್ತಿ. ಆಮೇಲೆ ಮಗುವಿನ ಕಾಲು ಹಿಡಿದು ನೋಡಿದಳು. ಬಲಗಾಲಿನ ಪಾದ ಒಳಕ್ಕೆ ತಿರುಗಿತ್ತು.

"ಇದು ಕಣ್ಣಿಗೆ ಬಿದ್ದದ್ದರಿಂದ ಆದದ್ದಲ್ಲ ತಾಯಿ, ನೀರಿಗೆ ಹಾಕಿದ್ದರಿಂದ ಆದದ್ದೂ ಅಲ್ಲ. ಎಷ್ಟೋ ಮಕ್ಕಳು ಹೀಗೆ ಹುಟ್ಟುತ್ತವೆ. ತಿಕ್ಕಿ ತೀಡಿದರೆ ಎಷ್ಟೋ ಸರಿಹೋಗುತ್ತೆ."

"ಹೊರಗೆ ಹೇಳಬೇಡ," ಎಂದಳು ಮಗಳು.

"ಅವರೇ ನೋಡ್ತಾರಲ್ಲ?"

"ನೀನು ಹೇಳಬೇಡ."

ಸೂಲಗಿತ್ತಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕಕ್ಕಿಟ್ಟು, ಬಿಸಿನೀರು ತರಲು ಹೊರಗೆ ಹೋದಳು. ಮಗಳು ಮಗುವನ್ನು ಎದೆಗವಚಿಕೊಂಡು ಗೋಡೆ ಹಿಡಿದು ಎದ್ದಳು. ಕಣ್ಣು ಕತ್ತಲಿಟ್ಟಿತು. ಬಾಗಿಲವರೆಗೆ ತೆವಳಿ ಅಗುಳಿ ಹಾಕಿದಳು. ಬಾಗಿಲಿಗೇ ಬೆನ್ನು ಕೊಟ್ಟು ಮಗುವನ್ನು ಮಡಿಲಿಗೆಳೆದುಕೊಂಡು ಕೂತಳು.

ಹೊರಗೆ ಅಪ್ಪನ ದನಿ ಕೇಳಿತು. "ಎಲ್ಲ ನೆಟ್ಟಗಿದೆಯಾ?"

ಸೂಲಗಿತ್ತಿಯ ದನಿ. "ಇಬ್ಬರೂ ಕ್ಷೇಮ. ಉಳಿದದ್ದು ಬಾಣಂತಿಯನ್ನೇ ಕೇಳಿ."

ಹೆಜ್ಜೆ ಹತ್ತಿರ ಬಂತು. ಬಾಗಿಲು ಅಲುಗಿತು.

"ಮಗಳೇ, ಅಗುಳಿ ಯಾಕೆ ಹಾಕಿದ್ದೀಯ? ತೆಗಿ ಕಂದ. ಕೈಕಾಲು ತೊಳಕೊಂಡೇ ಬಂದಿದ್ದೀನಿ."

ಬಾಣಂತಿ ಕೋಣೆಗೆ ಹೋಗುವ ಮೊದಲು ಎಲ್ಲರೂ ತೊಳೆದುಕೊಳ್ಳುತ್ತಾರೆ. ಅವಳಿಗೂ ಅದು ಗೊತ್ತು. ಆದರೆ ಬಾಗಿಲ ಸಂದಿಯಿಂದ ನೋಡಿದಾಗ ಕಂಡದ್ದು ಅಪ್ಪನ ಕೈಯಿಂದ ತೊಟ್ಟಿಕ್ಕುವ ನೀರು ಮಾತ್ರ.

"ಅಪ್ಪ," ಎಂದಳು. "ಕೆರೆಗೆ ಹಾಕಿದ್ದೆಲ್ಲ ಮುಳುಗಿತಾ?"

ಪಾಪ, ಮಗಳು ಇನ್ನೂ ಹೆದರಿದ್ದಾಳೆ ಎಂದುಕೊಂಡ ವರ್ತಕ. ಧೈರ್ಯ ಹೇಳಿದ.

"ಎಲ್ಲ ಮುಳುಗಿತು ಕಂದ. ಒಂದೂ ಮೇಲೆ ಬರಲಿಲ್ಲ. ನಾನೇ ನಿಂತು ನೋಡಿದ್ದೀನಿ. ನೀನು ಹೆದರಬೇಡ."

ಅವಳು ಮಗುವಿನ ಪಾದವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಏನೋ ಆಗಿದೆ," ಎಂದಳು ಹೊರಗಿದ್ದ ಸೋದರತ್ತೆ. "ಬಾಗಿಲು ಒಡೆಸೋ."

"ಬೇಡ," ಎಂದ ಅಪ್ಪ. "ಅವಳಾಗಿ ತೆಗೀಲಿ. ನಾನು ಇಲ್ಲೇ ಕೂತಿರ್ತೀನಿ."

ಆ ದನಿಯಲ್ಲಿ ಪ್ರೀತಿಯಿತ್ತು. ಅದು ಅವಳಿಗೂ ಕೇಳಿಸಿತು. ಆದರೆ ಕೆರೆಗೆ ಹೊರಟಾಗಲೂ ಅವನಲ್ಲಿ ಇದ್ದದ್ದು ಅದೇ ಪ್ರೀತಿ.

ಅಜ್ಜಯ್ಯ ಕತೆ ನಿಲ್ಲಿಸಿ ಮೊರದತ್ತ ನೋಡಿದರು. ತಿಪ್ಪೇಶನ ಕೈ ಯಾವಾಗಲೋ ನಿಂತುಹೋಗಿತ್ತು.

"ಆಮೇಲೆ?"

"ಕೈ ನಿಂತಿದೆಯಲ್ಲೋ."

ತಿಪ್ಪೇಶ ಗಡಿಬಿಡಿಯಲ್ಲಿ ಒಂದು ಬೀಜ ತೆಗೆದು ಹಣ್ಣನ್ನು ಬಿಸಾಡಿ ಬೀಜವನ್ನು ಮೊರಕ್ಕೆ ಹಾಕಿದ. "ಹೇಳಿ ಅಜ್ಜಯ್ಯ. ತೆಗೆದಳೋ ಇಲ್ಲವೋ?"

"ತೆಗೆದಳು," ಎಂದರು ಅಜ್ಜಯ್ಯ. "ಹೊರಗೆ ಅಪ್ಪ ಕೂತ. ಒಳಗೆ ಮಗಳು ಕೂತಳು. ನಡುವೆ ಒಂದು ಹಲಗೆ ಬಾಗಿಲು. ಇಬ್ಬರ ಬೆನ್ನೂ ಅದಕ್ಕೇ ಒರಗಿತ್ತು. ಬೆಳಕು ಹರಿಯುವ ಹೊತ್ತಿಗೆ ಅಗುಳಿ ಸರಿದ ಸದ್ದಾಯಿತು. ವರ್ತಕ ಎದ್ದು ಒಳಗೆ ಹೋದ. ಮಗಳು ಮಗುವನ್ನು ಅವನ ಎರಡೂ ಕೈಗೆ ಕೊಟ್ಟಳು. ಸುತ್ತಿದ್ದ ಬಟ್ಟೆ ಜಾರಿತು. ಪಾದ ಹೊರಗೆ ಬಂತು."

ತಿಪ್ಪೇಶ ಉಸಿರು ಬಿಟ್ಟ. "ಅಬ್ಬ! ನನ್ನ ಜೀವ ಬಾಯಿಗೆ ಬಂದಿತ್ತು. ಸರಿ, ಪಾದ ನೋಡಿ ಅಪ್ಪ ಏನಂದ? ಅದನ್ನ ಹೇಳಿ."

"ಅದನ್ನು ಇನ್ನೂ ಕಟ್ಟಿಲ್ಲ ಕಣೋ," ಎಂದರು ಅಜ್ಜಯ್ಯ, "ನನಗೆ ಗೊತ್ತಿರೋ ಕತೆ ಮುಚ್ಚಿದ ಬಾಗಿಲಿಗೇ ಮುಗಿಯುತ್ತೆ. ಅವಳು ಬಾಗಿಲು ತೆಗೆದು ಮಗುವನ್ನು ಕೈಗೆ ಕೊಟ್ಟಳು ಅನ್ನೋವರೆಗೆ ಮಾತ್ರ ಕಟ್ಟೋಕೆ ನನಗೆ ಧೈರ್ಯ ಬಂತು."